ಹತ್ತನೆಯ ಕಡಸು, ನಲವತ್ತರ ಗಡುವು: ಇಸ್ರೇಲ್ ಸುದ್ದಿಯೊಳಗಿನ ಸಂಖ್ಯೆಗಳನ್ನು ಓದುವುದು ಹೇಗೆ?

ಇಸ್ರೇಲ್ ಕುರಿತ ಯುದ್ಧದ ಸುದ್ದಿಯ ಹಿಂದೆಯೇ ಈಗ ಸಂಖ್ಯೆಗಳೂ ಬರುತ್ತಿವೆ. 2027ಕ್ಕೆ ಆ ದೇಶವೇ ಇರುವುದಿಲ್ಲ ಎನ್ನುವ ವಿಡಿಯೊ ಒಂದು ಕಡೆ. ಹತ್ತನೆಯ ಕೆಂಪು ಹಸು ಸಿಕ್ಕಿದೆ, ಜೆರುಸಲೇಮಿನಲ್ಲಿ ಮೂರನೆಯ ದೇವಾಲಯ ಏಳುವುದೊಂದೇ ಬಾಕಿ ಎನ್ನುವ ವಾಟ್ಸ್ಯಾಪ್ ಸಂದೇಶ ಇನ್ನೊಂದು ಕಡೆ. ಎಂಬತ್ತು ವರ್ಷದ ಶಾಪ, ಬೈಬಲಿನೊಳಗೆ ಅಡಗಿದ ಗುಪ್ತ ಸಂಕೇತ ಇತ್ಯಾದಿಗಳು ನಡುವೆ ತೂರಿಕೊಳ್ಳುತ್ತವೆ. 2025ರ ಜೂನ್‌ನಲ್ಲಿ ಇರಾನಿನ ಮೇಲೆ ನಡೆಸಿದ ದಾಳಿಗೆ ಇಸ್ರೇಲ್ ಹೆಸರನ್ನು ಆರಿಸಿಕೊಂಡದ್ದು ಬೈಬಲಿನ ಅರಣ್ಯಕಾಂಡದ 23ನೇ ಅಧ್ಯಾಯದ 24ನೇ ವಚನದಿಂದ. ಸಿಂಹದಂತೆ ಎದ್ದು ನಿಲ್ಲುವ ಜನ ಎಂಬ ವರ್ಣನೆ ಅಲ್ಲಿದೆ. ಯುದ್ಧಕ್ಕೆ ಹೆಸರನ್ನೇ ಧರ್ಮಗ್ರಂಥದಿಂದ ತೆಗೆಯುವ ದೇಶದಲ್ಲಿ ತಾರೀಕನ್ನೂ ಅಲ್ಲಿಂದಲೇ ತೆಗೆಯುತ್ತಿರಬಹುದಲ್ಲವೇ ಎಂಬ ಅನುಮಾನ ಓದುಗರಿಗೆ ಬಂದರೆ ಆಶ್ಚರ್ಯವಿಲ್ಲ.

ಅನುಮಾನ ಸಹಜ, ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಯೆಹೂದಿ ಪರಂಪರೆಯಲ್ಲಿ ಸಂಖ್ಯೆಗೆ ತೂಕ ಇರುವುದು ನಿಜ. ಆ ತೂಕ ಬಹುಪಾಲು ಬಂದಿರುವುದು ಕಾನೂನಿನಿಂದ: ಯಾವ ದಿನ ಕೆಲಸ ನಿಲ್ಲಿಸಬೇಕು, ಎಷ್ಟು ಜನ ಸೇರಿದರೆ ಪ್ರಾರ್ಥನೆ, ಎಷ್ಟನೇ ವರ್ಷ ಹೊಲ ಬೀಳು ಬಿಡಬೇಕು ಎಂಬಂಥ ಕಟ್ಟಳೆಗಳಿಂದ. ಘಟನೆಯೊಂದು ನಡೆದ ಮೇಲೆ ಗ್ರಂಥದಲ್ಲಿ ಅದರ ಸುಳಿವು ಹುಡುಕುವುದು, ಮುಂದಿನದನ್ನು ಲೆಕ್ಕ ಹಾಕಿ ಹೇಳುವುದು ಬೇರೆಯದೇ ಹವ್ಯಾಸ. ಈ ಎರಡರ ನಡುವಿನ ಗೆರೆಯನ್ನು ಮೊದಲು ಎಳೆದವರು ಹೊರಗಿನ ವಿಚಾರವಾದಿಗಳಲ್ಲ, ಆ ಪರಂಪರೆಯ ಪಂಡಿತರೇ.

ಅಕ್ಷರವೇ ಅಂಕಿ

ಹೀಬ್ರೂವಿನ 22 ಅಕ್ಷರಗಳಿಗೆ ಬೆಲೆಗಳಿವೆ. ಮೊದಲ ಒಂಬತ್ತಕ್ಕೆ 1ರಿಂದ 9, ಮುಂದಿನ ಒಂಬತ್ತಕ್ಕೆ 10ರಿಂದ 90, ಉಳಿದ ನಾಲ್ಕಕ್ಕೆ 100ರಿಂದ 400. ಹಾಗಾಗಿ ಹೀಬ್ರೂವಿನ ಯಾವ ಪದ ಬರೆದರೂ ಅದೊಂದು ಮೊತ್ತವೂ ಆಗುತ್ತದೆ. ಈ ಮೊತ್ತಗಳನ್ನು ಹೋಲಿಸಿ ಅರ್ಥ ತೆಗೆಯುವ ಪದ್ಧತಿಗೆ ಗೆಮಾಟ್ರಿಯಾ ಎಂದು ಹೆಸರು. ಇದು ಯೆಹೂದಿಗಳ ಸ್ವಂತ ಆವಿಷ್ಕಾರವೇನಲ್ಲ. ಗ್ರೀಕರಲ್ಲೂ ಇತ್ತು. ಅದಕ್ಕೂ ಹಿಂದೆ, ಕ್ರಿ.ಪೂ. 8ನೇ ಶತಮಾನದ ಅಸ್ಸೀರಿಯಾದ ದೊರೆ ಎರಡನೇ ಸಾರ್ಗೋನ್ ತನ್ನ ಕೋಟೆಯ ಗೋಡೆಯನ್ನು ತನ್ನ ಹೆಸರಿನ ಸಂಖ್ಯೆಗೆ ಸರಿಯಾಗಿ 16,283 ಮೊಳ ಕಟ್ಟಿಸಿದೆ ಎಂದು ಶಾಸನದಲ್ಲಿ ಬರೆಸಿದ್ದ.

ಕರ್ನಾಟಕ ಸಂಗೀತ ಬಲ್ಲವರಿಗೆ ಅಕ್ಷರ ಅಂಕಿಯಾಗುವುದು ಹೊಸದೇನಲ್ಲ. ಕಟಪಯಾದಿ ಸೂತ್ರದಂತೆ ಮೇಚಕಲ್ಯಾಣಿಯ ಮೊದಲೆರಡು ಅಕ್ಷರ 5 ಮತ್ತು 6, ತಿರುಗಿಸಿದರೆ 65, ಅದು 65ನೇ ಮೇಳ. ಆದರೆ ಇಲ್ಲಿ ಸಂಖ್ಯೆ ಮೊದಲು, ಹೆಸರು ಆಮೇಲೆ. ಸಂಖ್ಯೆ ಹೊಂದಲಿ ಎಂದೇ ರಾಗದ ಹೆಸರಿನ ಮೊದಲಿಗೆ ಅಕ್ಷರ ಸೇರಿಸಿದರು. ಗೆಮಾಟ್ರಿಯಾದಲ್ಲಿ ಪದ ಮೊದಲೇ ಇದೆ, ಮೊತ್ತ ಹುಡುಕಿದ್ದು ಆಮೇಲೆ. ಕಟಪಯಾದಿಯಲ್ಲಿ ಒಂದೇ ಉತ್ತರ ಸಾಧ್ಯ. ಗೆಮಾಟ್ರಿಯಾದಲ್ಲಿ ಉತ್ತರ ಎಷ್ಟು ಬೇಕಾದರೂ ಇರಬಹುದು.

ದಿನಬಳಕೆಯಲ್ಲಿ ಇದರ ಗುರುತುಗಳು ಸರಳವಾಗಿವೆ. ‘ಹಾಯ್’, ಅಂದರೆ ಜೀವಂತ ಎಂಬ ಪದದ ಎರಡು ಅಕ್ಷರಗಳು 8 ಮತ್ತು 10. ಅದಕ್ಕೇ ಮದುವೆಯ ಉಡುಗೊರೆ, ದಾನಗಳನ್ನು 18, 36, 180 ಡಾಲರ್ ಹೀಗೆ 18ರ ಲೆಕ್ಕದಲ್ಲಿ ಕೊಡುವ ರೂಢಿ ಇದೆ. 15ನ್ನು 10 ಮತ್ತು 5ರ ಅಕ್ಷರಗಳಲ್ಲಿ ಬರೆದರೆ ದೇವರ ನಾಮದ ಒಂದು ಭಾಗವಾಗಿಬಿಡುತ್ತದೆ ಎಂದು 9 ಮತ್ತು 6ರ ಅಕ್ಷರ ಬಳಸುತ್ತಾರೆ. ಗಿಡಮರಗಳ ಹೊಸವರ್ಷವೆಂದು ಆಚರಿಸುವ ಶ್ವಾತ್ ಮಾಸದ 15ನೇ ದಿನಕ್ಕೆ ‘ತೂ ಬಿಶ್ವಾತ್’ ಎಂಬ ಹೆಸರು ಬಂದದ್ದು ಹೀಗೆ. ಯೆಹೂದಿ ಪಂಚಾಂಗದ 5744ನೇ ವರ್ಷವನ್ನು (1983–84) ಅಕ್ಷರಗಳಲ್ಲಿ ಬರೆದಾಗ ‘ನಾಶಮಾಡುವೆ’ ಎಂದು ಓದಿಸಿಕೊಳ್ಳುತ್ತಿತ್ತು. ಅಪಶಕುನವೆಂದು ಕೈಕಟ್ಟಿ ಕೂರಲಿಲ್ಲ, ಕೊನೆಯ ಎರಡು ಅಕ್ಷರ ಹಿಂದುಮುಂದು ಮಾಡಿ ಬರೆದರು. ಅಷ್ಟಕ್ಕೇ ಮುಗಿಯಿತು. ಪಾಶ್ಚಾತ್ಯರು ಅಂಜುವ 13 ಇಲ್ಲಿ ಒಳ್ಳೆಯ ಸಂಖ್ಯೆ: ಹುಡುಗ ಧರ್ಮದ ಹೊಣೆ ಹೊರುವ ವಯಸ್ಸು 13, ದೇವರ ಕರುಣೆಯ ಗುಣಗಳು 13. ‘ಒಂದು’ ಮತ್ತು ‘ಪ್ರೀತಿ’ ಎಂಬ ಹೀಬ್ರೂ ಪದಗಳ ಮೊತ್ತವೂ ತಲಾ 13, ಕೂಡಿದರೆ 26, ಅದು ದೇವನಾಮದ ಮೊತ್ತ. ಬೋಧಕರಿಗೆ ಬಲು ಇಷ್ಟದ ಲೆಕ್ಕ ಇದು.

ಇನ್ನು 666 ಯೆಹೂದಿ ಸಂಖ್ಯೆಯಲ್ಲ, ಕ್ರೈಸ್ತರ ಪ್ರಕಟನೆ ಗ್ರಂಥದ್ದು. ‘ನೀರೋ ಸೀಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ ಆ ಮೊತ್ತ ಬರುತ್ತದೆ ಎಂಬುದು ಅನೇಕ ವಿದ್ವಾಂಸರ ವಿವರಣೆ. ಅಧ್ಯಾಯ, ವಚನಗಳ ಸಂಖ್ಯೆಯಲ್ಲಿ ಗುಟ್ಟು ಹುಡುಕುವವರಿಗೂ ಒಂದು ಮಾತು: ಬೈಬಲನ್ನು ಇಂದಿನ ಅಧ್ಯಾಯಗಳಾಗಿ ವಿಂಗಡಿಸಿದ್ದು 13ನೇ ಶತಮಾನದ ಕ್ರೈಸ್ತ ಪಾದ್ರಿಗಳು. ಯೆಹೂದಿಗಳು ಅದನ್ನು ಆಮೇಲೆ ಅಳವಡಿಸಿಕೊಂಡರು.

ಏಳು ಕಾನೂನಾದಾಗ

ಯೆಹೂದಿ ಸಂಖ್ಯೆಗಳಲ್ಲಿ ಏಳಕ್ಕೆ ಸಮನಾದುದು ಇಲ್ಲ. ಆರು ದಿನ ಸೃಷ್ಟಿ, ಏಳನೇ ದಿನ ವಿಶ್ರಾಂತಿ ಎಂಬಲ್ಲಿಂದ ಶುರು. ಯೆರಿಕೋ ಪಟ್ಟಣವನ್ನು ಏಳು ಮಂದಿ ಯಾಜಕರು ಏಳು ಕೊಂಬು ಹಿಡಿದು ಏಳು ದಿನ ಸುತ್ತಿದರು, ಏಳನೇ ದಿನ ಏಳು ಸಲ. ದೀಪಸ್ತಂಭಕ್ಕೆ ಏಳು ಕವಲು. ಮದುವೆಯಲ್ಲಿ ಏಳು ಆಶೀರ್ವಚನ, ಸಾವಿನಲ್ಲಿ ಏಳು ದಿನದ ಶೋಕ. ಪಸ್ಕ ಹಬ್ಬದಿಂದ ಏಳು ಏಳಲ ನಲವತ್ತೊಂಬತ್ತು ದಿನ ಎಣಿಸಿ ಐವತ್ತನೆಯ ದಿನ ಹಬ್ಬ. ಏಳು ಒಂದು ಸುತ್ತು ಮುಗಿದದ್ದರ ಗುರುತಾದರೆ ಎಂಟು ಅದನ್ನು ದಾಟಿದ್ದರ ಗುರುತು. ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ.

ಇಷ್ಟೇ ಆಗಿದ್ದರೆ ಸಂಕೇತವೆಂದು ಬಿಡಬಹುದಿತ್ತು. ಆದರೆ ಯಾಜಕಕಾಂಡದ 25ನೇ ಅಧ್ಯಾಯ ಏಳನ್ನು ಹೊಲಕ್ಕೂ ಇಳಿಸುತ್ತದೆ: ಆರು ವರ್ಷ ಉಳು, ಏಳನೆಯ ವರ್ಷ ನೆಲಕ್ಕೆ ಬಿಡುವು ಕೊಡು. ಧರ್ಮೋಪದೇಶಕಾಂಡದ 15ನೇ ಅಧ್ಯಾಯ ಸಾಲಕ್ಕೂ ಹಚ್ಚುತ್ತದೆ: ಏಳನೆಯ ವರ್ಷ ಸಾಲ ಬಿಟ್ಟುಕೊಡು. ಏಳನೆಯ ವರ್ಷ ಹತ್ತಿರ ಬಂತೆಂದು ಬಡವನಿಗೆ ಸಾಲ ನಿರಾಕರಿಸಬೇಡ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಎಚ್ಚರಿಕೆ ಬೇಕಾದದ್ದೇಕೆ? ಜನ ಹಾಗೆಯೇ ಮಾಡುವವರು. ವಾಪಸು ಬಾರದ ದುಡ್ಡನ್ನು ಯಾರು ಕೊಟ್ಟಾರು? ಬಡವರನ್ನು ಕಾಯಲು ಹುಟ್ಟಿದ ಸಂಖ್ಯೆಯಿಂದ ಬಡವರಿಗೇ ಸಾಲ ಹುಟ್ಟದಂತಾಯಿತು. ಕ್ರಿ.ಪೂ. 1ನೇ ಶತಮಾನದ ಪಂಡಿತ ಹಿಲ್ಲೆಲ್ ಇದಕ್ಕೆ ಒಂದು ದಾರಿ ಮಾಡಿದ. ಸಾಲವನ್ನು ನ್ಯಾಯಾಲಯದ ಹೆಸರಿಗೆ ಒಪ್ಪಿಸಿ ಪತ್ರ ಬರೆಸಿಬಿಟ್ಟರೆ ಅದು ಏಳನೆಯ ವರ್ಷ ರದ್ದಾಗುವುದಿಲ್ಲ. ‘ಪ್ರೊಜ್ಬುಲ್’ ಎಂಬ ಆ ಪತ್ರವನ್ನು ಧರ್ಮನಿಷ್ಠರು ಇಂದಿಗೂ ಸಹಿ ಮಾಡುತ್ತಾರೆ.

ಶ್ಮಿತಾ ಎನ್ನುವ ಈ ಏಳನೆಯ ವರ್ಷ ಆಧುನಿಕ ಇಸ್ರೇಲಿನಲ್ಲೂ ಜೀವಂತವಾಗಿದೆ. 1888–89ರ ಶ್ಮಿತಾ ಹೊತ್ತಿಗೆ ಪ್ಯಾಲೆಸ್ಟೈನಿನಲ್ಲಿ ಹೊಸದಾಗಿ ಬೇಸಾಯಕ್ಕಿಳಿದಿದ್ದ ಯೆಹೂದಿ ವಲಸಿಗರು ಒಂದು ವರ್ಷ ಉಳದಿದ್ದರೆ ಉಪವಾಸ ಬೀಳುವ ಸ್ಥಿತಿಯಲ್ಲಿದ್ದರು. ಹೊಲವನ್ನು ಆ ವರ್ಷದ ಮಟ್ಟಿಗೆ ಯೆಹೂದಿಯಲ್ಲದವನಿಗೆ ಮಾರಿದಂತೆ ಪತ್ರ ಮಾಡಿಕೊಂಡು ಬೇಸಾಯ ಮುಂದುವರಿಸಲು ಕೆಲವು ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಅನುಮತಿ ಕೊಟ್ಟರು. ಕಟ್ಟಾ ಸಂಪ್ರದಾಯಸ್ಥರು ಇದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅವರು ಶ್ಮಿತಾ ವರ್ಷದಲ್ಲಿ ಅರಬ್ ರೈತರ ಬೆಳೆಯನ್ನೋ ಹೊರದೇಶದಿಂದ ಬಂದದ್ದನ್ನೋ ಕೊಳ್ಳುತ್ತಾರೆ. ಒಂದು ಸಂಖ್ಯೆಯಿಂದ ತರಕಾರಿ ಮಾರುಕಟ್ಟೆಯಲ್ಲಿ ಬೆಲೆ ಏರಿಳಿಯುತ್ತದೆ, ಆಮದು ನೀತಿ ಬದಲಾಗುತ್ತದೆ, ರಬ್ಬಿಗಳ ನಡುವೆ ಜಗಳ ಹತ್ತುತ್ತದೆ. ಯೆಹೂದಿ ಬದುಕಿನಲ್ಲಿ ಸಂಖ್ಯೆಯ ‘ಅರ್ಥ’ ಎಂದರೆ ಬಹುಪಾಲು ಇಂಥದ್ದು, ಇದರಲ್ಲಿ ಭವಿಷ್ಯವಾಣಿಯ ಮಾತೇ ಇಲ್ಲ.

ಹತ್ತು ಮಂದಿ

ಹತ್ತರ ಕಥೆಯೂ ಹೀಗೆಯೇ. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ಬೇಕು, ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಹತ್ತೇ ಏಕೆ ಎಂಬುದಕ್ಕೆ ಯೆಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಕೊಡುವ ಆಧಾರ ವಿಚಿತ್ರ: ಕಾನಾನ್ ದೇಶ ನೋಡಿಬರಲು ಮೋಶೆ ಕಳಿಸಿದ ಹನ್ನೆರಡು ಗೂಢಚಾರರಲ್ಲಿ ಜನರ ಎದೆ ನಡುಗಿಸಿದ ಹತ್ತು ಮಂದಿಯನ್ನು ದೇವರು ‘ಕೆಟ್ಟ ಸಭೆ’ ಎಂದು ಕರೆಯುತ್ತಾನೆ, ಆದ್ದರಿಂದ ಹತ್ತು ಮಂದಿ ಸೇರಿದರೆ ಸಭೆ. ಸದ್ಗುಣಿಗಳಿಂದಲ್ಲ, ಅಳುಕಿದವರಿಂದ ಹುಟ್ಟಿದ ಸಂಖ್ಯೆ. ಆರ್ಥೊಡಾಕ್ಸ್ ಪಂಗಡ ಗಂಡಸರನ್ನಷ್ಟೇ ಎಣಿಸುತ್ತದೆ, ಅಮೆರಿಕದ ಕನ್ಸರ್ವೇಟಿವ್ ಪಂಗಡ 1973ರಲ್ಲಿ ಹೆಂಗಸರನ್ನೂ ಎಣಿಸಬಹುದೆಂದಿತು. ನಮ್ಮ ನೆರೆಯ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ, ಆದರೆ ಸ್ಥಳೀಯರಿಂದಲೇ ಹತ್ತು ಕೂಡಿಸುವುದು ಆಗದ ಮಾತಾಗಿದೆ. ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಹೊರಗಿನ ಯೆಹೂದಿಗಳು ಬಂದಾಗ ಮಾತ್ರ ಅಲ್ಲಿ ಮಿನ್ಯಾನ್.

ಮಜವೆಂದರೆ, ಹತ್ತು ಬೇಕು ಎನ್ನುವವರೇ ಜನರನ್ನು ‘ಒಂದು, ಎರಡು’ ಎಂದು ಎಣಿಸುವುದಿಲ್ಲ. ದಾವೀದ ದೊರೆ ಜನಗಣತಿ ಮಾಡಿಸಿದ್ದಕ್ಕೆ 70,000 ಮಂದಿ ವ್ಯಾಧಿಯಲ್ಲಿ ಸತ್ತರೆಂದು 2 ಸಮುವೇಲದಲ್ಲಿದೆ. ವಿಮೋಚನಕಾಂಡದಲ್ಲಿ ತಲೆ ಎಣಿಸುವ ಬದಲು ತಲಾ ಅರ್ಧ ಶೆಕೆಲ್ ನಾಣ್ಯ ಪಡೆದು ನಾಣ್ಯ ಎಣಿಸುವ ಏರ್ಪಾಟಿದೆ. ಹಾಗಾಗಿ ಮಿನ್ಯಾನ್ ಎಣಿಸಲು ಕೀರ್ತನೆಗಳ 28ನೇ ಅಧ್ಯಾಯದ 9ನೇ ವಚನ ಹೇಳುತ್ತಾರೆ. ಹೀಬ್ರೂವಿನಲ್ಲಿ ಅದರಲ್ಲಿ ಸರಿಯಾಗಿ ಹತ್ತು ಪದಗಳಿವೆ, ಒಬ್ಬೊಬ್ಬರಿಗೆ ಒಂದೊಂದು.

318: ಒಂದೇ ಸಂಖ್ಯೆ, ಎರಡು ಧರ್ಮ

ಗೆಮಾಟ್ರಿಯಾದ ಶಕ್ತಿ, ದೌರ್ಬಲ್ಯ ಎರಡನ್ನೂ ತೋರಿಸುವ ಉದಾಹರಣೆ ಆದಿಕಾಂಡದ 14ನೇ ಅಧ್ಯಾಯದಲ್ಲಿದೆ. ಸೆರೆಸಿಕ್ಕ ತಮ್ಮನ ಮಗ ಲೋಟನನ್ನು ಬಿಡಿಸಲು ಅಬ್ರಹಾಮನು 318 ಆಳುಗಳೊಂದಿಗೆ ಹೊರಡುತ್ತಾನೆ. ಇಷ್ಟು ಕರಾರುವಾಕ್ಕಾದ ಸಂಖ್ಯೆ ಏಕೆ? ತಾಲ್ಮುಡ್‌ನಲ್ಲಿ ಉಲ್ಲೇಖವಾಗಿರುವ ಉತ್ತರ: ಅಬ್ರಹಾಮನ ಮನೆಯಾಳು ಎಲಿಯೇಜರನ ಹೆಸರಿನ ಮೊತ್ತ 1, 30, 10, 70, 7, 200 ಸೇರಿ 318. ಅಂದರೆ ಹೋದವನು ಅವನೊಬ್ಬನೇ. ಆರಂಭಿಕ ಕ್ರೈಸ್ತರ ಬರ್ನಬನ ಪತ್ರಿಕೆ ಅದೇ 318ನ್ನು ಗ್ರೀಕ್ ಅಕ್ಷರಗಳಲ್ಲಿ ಓದಿತು: 10 ಮತ್ತು 8 ಯೇಸುವಿನ ಹೆಸರಿನ ಮೊದಲೆರಡು ಅಕ್ಷರ, 300ರ ಅಕ್ಷರ ಶಿಲುಬೆಯ ಆಕಾರ. ಅಲ್ಲಿಗೆ ಅಬ್ರಹಾಮನೇ ಕ್ರಿಸ್ತನ ಸೂಚನೆ ಕೊಟ್ಟಂತಾಯಿತು!

ಗಣಿತ ಎರಡೂ ಕಡೆ ತಪ್ಪಿಲ್ಲ. ಓದುವವರು ಮೊದಲೇ ನಂಬಿದ್ದನ್ನೇ ಸಂಖ್ಯೆ ಇಬ್ಬರಿಗೂ ತಿರುಗಿ ಹೇಳಿತು. 12ನೇ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ಅಬ್ರಹಾಂ ಇಬ್ನ್ ಎಜ್ರಾ ಇದೇ ವಚನದ ಮೇಲೆ ಬರೆಯುತ್ತಾ, ಗ್ರಂಥ ಗೆಮಾಟ್ರಿಯಾದಲ್ಲಿ ಮಾತಾಡುವುದಿಲ್ಲ, ಹಾಗೆ ಹೊರಟರೆ ಯಾವ ಹೆಸರನ್ನಾದರೂ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ತಿರುಗಿಸಬಹುದು ಎಂದು ಕಡ್ಡಿ ಮುರಿದಂತೆ ಹೇಳಿದ. ಅವನು ಸ್ವತಃ ಗಣಿತಜ್ಞ, ಜ್ಯೋತಿಷಿ.

ಹಾಗೆಂದು ಪರಂಪರೆ ಗೆಮಾಟ್ರಿಯಾವನ್ನು ಹೊರಗಿಡಲಿಲ್ಲ, ಅದಕ್ಕೊಂದು ಜಾಗ ಕೊಟ್ಟಿತು. ಅವಧಿ ಹೇಳದೆ ಮದ್ಯ, ಕ್ಷೌರ ಬಿಡುವ ‘ನಾಜೀರ’ ವ್ರತ ತೊಟ್ಟವನಿಗೆ 30 ದಿನ ಎಂಬ ನಿಯಮಕ್ಕೆ ‘ಇರಬೇಕು’ ಎಂಬ ಹೀಬ್ರೂ ಪದದ ಮೊತ್ತ 30 ಎಂದು ತಾಲ್ಮುಡ್ ಆಧಾರ ತೋರಿಸುತ್ತದೆ. ಆಜ್ಞೆಗಳು ಒಟ್ಟು 613 ಎಂಬ ಪ್ರಸಿದ್ಧ ಲೆಕ್ಕವನ್ನೂ ತಾಲ್ಮುಡ್‌ನಲ್ಲಿ ಹೀಗೆಯೇ ಹೊಂದಿಸಿದ್ದಾರೆ: ‘ಮಾಡಬೇಡ’ಗಳು ವರ್ಷದ ದಿನಗಳಷ್ಟು 365, ‘ಮಾಡು’ಗಳು ದೇಹದ ಅಂಗಗಳಷ್ಟು 248, ‘ತೋರಾ’ (ಮೋಶೆಯ ಐದು ಗ್ರಂಥಗಳು) ಪದದ ಮೊತ್ತ 611, ಜನ ದೇವರ ಬಾಯಿಂದ ನೇರವಾಗಿ ಕೇಳಿದ ಎರಡು ಸೇರಿ 613. ಆ 613 ಯಾವುವು ಎಂಬ ಪಟ್ಟಿಯಲ್ಲಿ ಮಾತ್ರ ಮಧ್ಯಯುಗದ ಪಂಡಿತರಿಗೆ ಒಮ್ಮತ ಆಗಲೇ ಇಲ್ಲ. ತಾಲ್ಮುಡ್‌ಗೆ ಮೂಲವಾದ ಹಳೆಯ ಕಾನೂನು ಸಂಗ್ರಹ ಮಿಶ್ನಾದ ಒಂದು ಸೂಕ್ತಿ ಗೆಮಾಟ್ರಿಯಾವನ್ನು ‘ಜ್ಞಾನದ ವ್ಯಂಜನ’ ಎನ್ನುತ್ತದೆ. ವ್ಯಂಜನವನ್ನೇ ಊಟವೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 17ನೇ ಶತಮಾನದಲ್ಲಿ ದೊಡ್ಡ ಉದಾಹರಣೆ ಸಿಕ್ಕಿತು.

ಗಡುವು ಲೆಕ್ಕ ಹಾಕಿದವರು

ದಾನಿಯೇಲನ ಗ್ರಂಥದ ಕೊನೆಯಲ್ಲಿ 1,290 ದಿನ, 1,335 ದಿನ ಎಂಬ ಒಗಟಿನಂಥ ಸಂಖ್ಯೆಗಳಿವೆ. ಯೆಹೂದಿಗಳು ಕಾದಿರುವ ಉದ್ಧಾರಕ ಮೆಸ್ಸೀಯನ ಆಗಮನ ಯಾವಾಗ ಎಂದು ಅವುಗಳಿಂದ ಲೆಕ್ಕ ಹಾಕುವ ಚಟ ಬಹಳ ಹಳೆಯದು. ಅದಕ್ಕೆ ತಾಲ್ಮುಡ್‌ನ ಸನ್ಹೆಡ್ರಿನ್ ಭಾಗದಲ್ಲಿ ನೇರ ಶಾಪವಿದೆ: ಅಂತ್ಯಕಾಲವನ್ನು ಲೆಕ್ಕ ಹಾಕುವವರ ಎಲುಬು ಪುಡಿಯಾಗಲಿ. ಕಾರಣವನ್ನೂ ಅಲ್ಲೇ ಹೇಳಿದೆ. ಹೇಳಿದ ದಿನ ಬಂದು ಮೆಸ್ಸೀಯ ಬಾರದಿದ್ದರೆ ಜನ ಅವನು ಇನ್ನು ಬರುವುದೇ ಇಲ್ಲ ಎಂದುಕೊಳ್ಳುತ್ತಾರೆ. ಗಡುವು ಕೊಟ್ಟರೆ ನಂಬಿಕೆ ಗಡುವಿನ ಜೊತೆಗೇ ಸಾಯುತ್ತದೆ ಎಂಬುದು ಅವರ ಭಯ. 1172ರ ಸುಮಾರಿಗೆ ಯೆಮೆನ್‌ನ ಯೆಹೂದಿಗಳಿಗೆ ಬರೆದ ಪತ್ರದಲ್ಲಿ ಮಧ್ಯಯುಗದ ಯೆಹೂದಿ ತತ್ತ್ವಜ್ಞಾನಿ ಮೈಮೊನಿಡಿಸ್ ಕೂಡ ಈ ಲೆಕ್ಕಾಚಾರವನ್ನು ಖಂಡಿಸಿದ. ಅದೇ ಪತ್ರದಲ್ಲಿ ತನ್ನ ಮನೆತನದಲ್ಲಿ ಬಂದ ಒಂದು ಲೆಕ್ಕವನ್ನು ಹೇಳದೆ ಬಿಡಲೂ ಇಲ್ಲ. ಸೆಳೆತ ಅಷ್ಟು ಬಲವಾದದ್ದು.

ಕಬ್ಬಾಲಾ ಎಂಬ ಯೆಹೂದಿ ಅನುಭಾವ ಪಂಥದವರು 1648ನೇ ಇಸವಿ ಉದ್ಧಾರದ ವರ್ಷವೆಂದು ಕಾದಿದ್ದರು. ಆ ವರ್ಷ ಬಂದದ್ದು ಉಕ್ರೇನಿನಲ್ಲಿ ಕೊಸಾಕರ ದಂಗೆ, ಯೆಹೂದಿಗಳ ಭೀಕರ ಹತ್ಯಾಕಾಂಡ. ನೊಂದವರು ಲೆಕ್ಕವನ್ನು ಬಿಡಲಿಲ್ಲ, ಮುಂದೂಡಿದರು. 1665ರಲ್ಲಿ ಗಾಜಾದ ನಾಥಾನ್ ಎಂಬ ತರುಣ ಪಂಡಿತ, ಸ್ಮಿರ್ನಾ ಊರಿನ ಸಬ್ಬತಾಯ್ ಜೆವಿಯೇ ಮೆಸ್ಸೀಯ ಎಂದು ಸಾರಿದ. ಸಬ್ಬತಾಯ್ ಜೆವಿ ಎಂಬ ಹೆಸರಿನ ಮೊತ್ತ 814, ದೇವರ ‘ಶದ್ದಾಯ್’ ನಾಮದ ಅಕ್ಷರಗಳನ್ನು ಬಿಡಿಸಿ ಬರೆದರೂ 814. ಇದಕ್ಕಿಂತ ಸಾಕ್ಷಿ ಬೇಕೇ? ಆಮ್‌ಸ್ಟರ್‌ಡ್ಯಾಮಿನಿಂದ ಯೆಮೆನ್‌ವರೆಗೆ ಜನ ಆಸ್ತಿ ಮಾರಿ ಜೆರುಸಲೇಮಿಗೆ ಹೊರಡಲು ಸಿದ್ಧರಾದರು. ಗ್ಲೂಕೆಲ್ ಎಂಬ ಜರ್ಮನ್ ಯೆಹೂದಿ ವ್ಯಾಪಾರಿ ಮಹಿಳೆಯ ಆತ್ಮಕಥನದಲ್ಲಿ, ಅವಳ ಮಾವ ಹಡಗು ಹತ್ತುವ ದಿನಕ್ಕೆಂದು ಬಟಾಣಿ, ಒಣಮಾಂಸ ತುಂಬಿಸಿ ಕಳಿಸಿದ ಪೀಪಾಯಿಗಳು ಹ್ಯಾಂಬರ್ಗಿನ ಮನೆಯಲ್ಲಿ ಬಹುಕಾಲ ಕೂತಿದ್ದ ಸಂಗತಿ ಇದೆ. 1666ರ ಸೆಪ್ಟೆಂಬರಿನಲ್ಲಿ ಒಟ್ಟೋಮನ್ ಸುಲ್ತಾನನ ಮುಂದೆ ನಿಂತ ಸಬ್ಬತಾಯ್ ಜೆವಿ ಪ್ರಾಣ ಉಳಿಸಿಕೊಳ್ಳಲು ಇಸ್ಲಾಮಿಗೆ ಮತಾಂತರಗೊಂಡ. ಆಮೇಲಿನ ರಬ್ಬಿಗಳು ಕಬ್ಬಾಲಾವನ್ನು ಎಳೆಯರ ಕೈಗೆ ಕೊಡಲು ಅಂಜಿದ್ದಕ್ಕೆ ಈ ಪೆಟ್ಟು ಒಂದು ಮುಖ್ಯ ಕಾರಣ.

ಕಂಪ್ಯೂಟರ್ ಬಂದ ಮೇಲೆ

1994ರಲ್ಲಿ ಇಸ್ರೇಲಿನ ಮೂವರು ಒಂದು ಪ್ರತಿಷ್ಠಿತ ಸಂಖ್ಯಾಶಾಸ್ತ್ರ ನಿಯತಕಾಲಿಕದಲ್ಲಿ ಲೇಖನ ಬರೆದರು. ಹೀಬ್ರೂ ಆದಿಕಾಂಡದಲ್ಲಿ ಇಂತಿಷ್ಟು ಅಕ್ಷರ ಬಿಟ್ಟು ಬಿಟ್ಟು ಓದಿದರೆ ಆಮೇಲಿನ ಕಾಲದ ರಬ್ಬಿಗಳ ಹೆಸರೂ ಅವರ ಜನನ, ಮರಣದ ತಾರೀಕೂ ಹತ್ತಿರ ಹತ್ತಿರ ಸಿಗುತ್ತವೆ ಎಂಬುದು ಅವರ ವಾದ. 1995ರ ನವೆಂಬರಿನಲ್ಲಿ ಪ್ರಧಾನಿ ಇಟ್ಜಾಕ್ ರಾಬಿನ್ ಹತ್ಯೆಯಾಯಿತು. ಆ ಹತ್ಯೆಯೂ ಬೈಬಲಿನಲ್ಲಿ ಇತ್ತು ಎಂದು ಅಮೆರಿಕದ ಪತ್ರಕರ್ತನೊಬ್ಬ 1997ರಲ್ಲಿ ಬರೆದು ಜಗತ್ತನ್ನೆಲ್ಲ ಮಾತಾಡಿಸಿದ. ನನ್ನ ಟೀಕಾಕಾರರು ‘ಮೊಬಿ ಡಿಕ್’ ಕಾದಂಬರಿಯಲ್ಲಿ ಪ್ರಧಾನಿಯೊಬ್ಬರ ಹತ್ಯೆಯ ಸಂದೇಶ ಹುಡುಕಿ ತೋರಿಸಲಿ, ಆಗ ನಂಬುತ್ತೇನೆ ಎಂದು ಸವಾಲೂ ಹಾಕಿದ. ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮೆಕೇ ಹುಡುಕಿದ. ಅದೇ ವಿಧಾನದಲ್ಲಿ ಆ ಕಾದಂಬರಿಯಿಂದ ಅನೇಕ ಹತ್ಯೆಗಳ ‘ಭವಿಷ್ಯ’ ಹೊರಬಂತು, ಇಂದಿರಾ ಗಾಂಧಿ ಅವರದೂ ಸೇರಿ.

1999ರಲ್ಲಿ ಮೆಕೇ ಮತ್ತು ಮೂವರು ಇಸ್ರೇಲಿ ವಿದ್ವಾಂಸರು ಅದೇ ನಿಯತಕಾಲಿಕದಲ್ಲಿ ಮೂಲ ಪ್ರಯೋಗವನ್ನು ಬಿಚ್ಚಿಟ್ಟರು. ಒಬ್ಬ ರಬ್ಬಿಗೆ ಹಲವು ಹೆಸರು, ಒಂದೊಂದಕ್ಕೆ ಹಲವು ಕಾಗುಣಿತ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಸ್ವಲ್ಪ ಸಡಿಲ ಇದ್ದರೂ ಬೇಕಾದ ಫಲಿತಾಂಶ ಬರುತ್ತದೆ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲೂ ಅಂಥದೇ ಫಲಿತಾಂಶ ತೆಗೆದು ತೋರಿಸಿದರು. ಇಬ್ನ್ ಎಜ್ರಾ 800 ವರ್ಷ ಹಿಂದೆ ಹೇಳಿದ್ದಕ್ಕೆ ಸಂಖ್ಯಾಶಾಸ್ತ್ರದ ಮೊಹರು ಬಿತ್ತು. ಆದರೂ ಯೂಟ್ಯೂಬಿನಲ್ಲಿ ಈ ಸಂಕೇತಗಳು ಇನ್ನೂ ಓಡುತ್ತಿವೆ, ಉತ್ತರ ಬಂದ ಸುದ್ದಿ ಮಾತ್ರ ಓಡುವುದಿಲ್ಲ.

ಒಂಬತ್ತು ಆಯಿತು, ಹತ್ತನೆಯದು?

ಈಗ ಹಸುವಿನ ಸಂಗತಿ. ಅರಣ್ಯಕಾಂಡದ 19ನೇ ಅಧ್ಯಾಯದ ಪ್ರಕಾರ ಹೆಣ ಮುಟ್ಟಿ ಮೈಲಿಗೆಯಾದವರು ಶುದ್ಧರಾಗಲು, ಕುಂದಿಲ್ಲದ, ನೊಗ ಹೊರದ ಕೆಂಪು ಕಡಸನ್ನು ಸುಟ್ಟ ಬೂದಿ ಬೆರೆಸಿದ ನೀರು ಬೇಕು. ಬೇರೆ ಬಣ್ಣದ ಎರಡು ಕೂದಲಿದ್ದರೂ ಕಡಸು ಆಗುವುದಿಲ್ಲ ಎಂದು ಆಮೇಲಿನ ನಿಯಮಗಳು ಬಿಗಿ ಮಾಡಿದವು. ಹೀಗೆ ಎಷ್ಟು ಕಡಸುಗಳನ್ನು ಸುಟ್ಟಿದ್ದರು? ಮಿಶ್ನಾದಲ್ಲಿ ಎರಡು ಅಭಿಪ್ರಾಯಗಳಿವೆ. ರಬ್ಬಿ ಮೇಯಿರ್ ಲೆಕ್ಕಕ್ಕೆ ಏಳು, ಉಳಿದ ಪಂಡಿತರ ಲೆಕ್ಕಕ್ಕೆ ಒಂಬತ್ತು. ಮೈಮೊನಿಡಿಸ್ ಒಂಬತ್ತನ್ನು ಒಪ್ಪಿ, ಹತ್ತನೆಯದನ್ನು ಮೆಸ್ಸೀಯ ದೊರೆ ಮಾಡುತ್ತಾನೆ ಎಂದು ಸೇರಿಸಿದ. ಸುದ್ದಿಯಲ್ಲಿ ಓಡಾಡುವ ‘ಹತ್ತನೆಯ ಹಸು’ ಹುಟ್ಟಿದ್ದು ಈ ಒಂದು ಸಾಲಿನಿಂದ.

ಆ ಸಾಲಿನಲ್ಲಿ ಮೊದಲು ಬರುವವನು ಮೆಸ್ಸೀಯ, ಆಮೇಲೆ ಕಡಸು. ವಾಟ್ಸ್ಯಾಪ್ ಸಂದೇಶದಲ್ಲಿ ಕಡಸು ಮೊದಲು, ಅದರಿಂದ ಮೆಸ್ಸೀಯ. ಕಾರಣ, ಕಾರ್ಯ ಅದಲುಬದಲಾಗಿವೆ.

ಹಾಗಾದರೆ 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಐದು ಕೆಂಪು ಕಡಸುಗಳನ್ನು ವಿಮಾನದಲ್ಲಿ ಇಸ್ರೇಲಿಗೆ ತಂದದ್ದೇಕೆ? ತಂದವರಲ್ಲಿ ದೇವಾಲಯ ಮತ್ತೆ ಕಟ್ಟಬೇಕೆನ್ನುವ ಯೆಹೂದಿ ಸಂಘಟನೆಯವರೂ ಅವರನ್ನು ಬೆಂಬಲಿಸುವ ಅಮೆರಿಕದ ಸುವಾರ್ತಾವಾದಿ ಕ್ರೈಸ್ತರೂ ಇದ್ದರು. ಎರಡನೆಯವರಿಗೆ ಮೂರನೆಯ ದೇವಾಲಯ ಎಂದರೆ ಯೇಸುವಿನ ಪುನರಾಗಮನದ ಮುನ್ಸೂಚನೆ, ಅಂದರೆ ಜೊತೆಗಿರುವವರ ಗುರಿಯೇ ಬೇರೆ. ಇಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದು ಹತ್ತೆಂಬ ಸಂಖ್ಯೆಯಲ್ಲ, ಒಂದು ಕಾನೂನಿನ ಬೀಗ. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಎರಡನೆಯ ದೇವಾಲಯ ಇದ್ದ ದಿಬ್ಬದ ಮೇಲೆ ಇಂದು ಅಲ್ ಅಕ್ಸಾ ಮಸೀದಿ ಮತ್ತು ಚಿನ್ನದ ಗುಮ್ಮಟ ಇವೆ. ಶುದ್ಧೀಕರಣದ ಬೂದಿ ಇಲ್ಲದ ಕಾರಣ ಎಲ್ಲರೂ ಮೈಲಿಗೆಯಲ್ಲಿದ್ದಾರೆ, ಹಾಗಾಗಿ ಯೆಹೂದಿಗಳು ಆ ಆವರಣಕ್ಕೆ ಕಾಲಿಡಬಾರದು ಎಂಬುದು ಇಸ್ರೇಲಿನ ಮುಖ್ಯ ರಬ್ಬಿಗಳ ಪೀಠದ ನಿಲುವು. ಪ್ರವೇಶದ್ವಾರದಲ್ಲಿ ಫಲಕವೂ ಇದೆ. ಬೂದಿ ಸಿಕ್ಕರೆ ಈ ನಿಷೇಧದ ಮುಖ್ಯ ಆಧಾರ ಕುಸಿಯುತ್ತದೆ. ಆಗ ಆ ದಿಬ್ಬದ ಮೇಲೆ ಮುಸ್ಲಿಮರಿಗೆ ಪ್ರಾರ್ಥನೆ, ಉಳಿದವರಿಗೆ ಭೇಟಿ ಮಾತ್ರ ಎಂದು 1967ರಿಂದ ನಡೆದುಬಂದ ಏರ್ಪಾಟಿನ ಮೇಲೆ ಒತ್ತಡ ಬೀಳುತ್ತದೆ. ಬಹುಪಾಲು ಸಂಪ್ರದಾಯಸ್ಥ ರಬ್ಬಿಗಳು ಕಡಸಿನ ಯೋಜನೆಯಿಂದ ದೂರ ಇದ್ದಾರೆ.

ಎದುರು ಪಕ್ಷ ಇದನ್ನು ಹೇಗೆ ಓದಿತು ಎಂಬುದು 2024ರ ಜನವರಿ 14ರಂದು ತಿಳಿಯಿತು. ಗಾಜಾ ಯುದ್ಧದ ನೂರನೇ ದಿನ ಹಮಾಸ್‌ನ ಸೇನಾ ವಕ್ತಾರ ಅಬು ಉಬೈದಾ, ಇಸ್ರೇಲ್ ಮೇಲೆ 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯ ಹಿನ್ನೆಲೆ ವಿವರಿಸುತ್ತಾ ಈ ಕೆಂಪು ಹಸುಗಳನ್ನು ತಂದದ್ದನ್ನೂ ಪ್ರಸ್ತಾಪಿಸಿದ. ಐದು ಕಡಸುಗಳಿಂದ ಯುದ್ಧ ಹುಟ್ಟಿತು ಎನ್ನುವುದು ಅತಿಯಾಯಿತು. ಆದರೆ ಒಂದು ಸಣ್ಣ ಗುಂಪಿನ ನಂಬಿಕೆ ಎದುರಾಳಿಯ ಭಯವಾಗಿ, ಆ ಭಯ ಹಿಂಸೆಗೆ ಸಮರ್ಥನೆಯಾಗಿ ಬಳಕೆಯಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಭವಿಷ್ಯವಾಣಿ ನಿಜವಾಗಬೇಕಿಲ್ಲ, ಎದುರಿನವರು ಅದನ್ನು ನಂಬಿದರೂ ಪರಿಣಾಮ ಆಗುತ್ತದೆ.

ನಲವತ್ತು, ಎಂಬತ್ತು

2027ರ ಮೂಲ ಯೆಹೂದಿ ಗ್ರಂಥವಲ್ಲ. ಹಮಾಸ್ ಸ್ಥಾಪಕ ಶೇಖ್ ಅಹ್ಮದ್ ಯಾಸೀನ್ 1990ರ ದಶಕದ ಕೊನೆಯಲ್ಲಿ ಅಲ್ ಜಝೀರಾ ವಾಹಿನಿಗೆ ಕೊಟ್ಟ ಸಂದರ್ಶನದಲ್ಲಿ ಹೇಳಿದ ಇಸವಿ ಅದು. ಆದರೆ ಅದರ ಹಿಂದಿರುವ ನಲವತ್ತು ಎರಡೂ ಧರ್ಮಗಳಿಗೆ ಸೇರಿದ್ದು. ಐಗುಪ್ತದಿಂದ ಹೊರಟ ಇಸ್ರಾಯೇಲರು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರು, ಗುಲಾಮಗಿರಿ ಕಂಡ ತಲೆಮಾರು ಅಲ್ಲೇ ಮುಗಿದು ಹೊಸ ತಲೆಮಾರು ದೇಶ ಸೇರಿತು. ಈ ಕಥೆ ತೋರಾದಲ್ಲಿದೆ, ಕುರಾನಿನಲ್ಲೂ ಇದೆ. ಯಾಸೀನ್ ಲೆಕ್ಕ: ನಲವತ್ತು ವರ್ಷಕ್ಕೆ ತಲೆಮಾರು ಬದಲಾಗುತ್ತದೆ, 1948ರಲ್ಲಿ ಸೋತ ತಲೆಮಾರು, 1987ರಲ್ಲಿ ಎದ್ದ ತಲೆಮಾರು, 2027ಕ್ಕೆ ಗೆಲ್ಲುವ ತಲೆಮಾರು. ಇದೇ ರೀತಿ ಕುರಾನಿನ ಅಕ್ಷರ ಎಣಿಸಿ 2022ಕ್ಕೆ ಇಸ್ರೇಲ್ ಅಂತ್ಯ ಎಂದ ಪ್ಯಾಲೆಸ್ಟೀನಿ ಬೋಧಕರೂ ಇದ್ದರು. 2022 ಬಂದು ಹೋಯಿತು.

ಎಂಬತ್ತರ ಮಾತು ಬಂದದ್ದು ಇಸ್ರೇಲಿನ ಒಳಗಿನಿಂದಲೇ. ದಾವೀದ, ಸೊಲೊಮೋನರ ರಾಜ್ಯವೂ ಆಮೇಲಿನ ಹಸ್ಮೋನಿಯನ್ ರಾಜ್ಯವೂ ಎಂಟನೆಯ ದಶಕದಲ್ಲಿ ಒಡೆದವು, ನಾವೂ ಎಂಟನೆಯ ದಶಕದಲ್ಲಿದ್ದೇವೆ ಎಂದು ಮಾಜಿ ಪ್ರಧಾನಿ ಎಹುದ್ ಬರಾಕ್ 2022ರಲ್ಲಿ ಬರೆದರು. ಅವರು ಧರ್ಮಗುರುವಲ್ಲ, ಮಾಜಿ ಸೇನಾ ಮುಖ್ಯಸ್ಥ. ಒಳಜಗಳ ನಿಲ್ಲಿಸಿ ಎಂದು ಎಚ್ಚರಿಸಲು ಆ ಸಂಖ್ಯೆ ಬಳಸಿದರು. ಹಮಾಸ್ ವಕ್ತಾರರು ಅದನ್ನೇ ಎತ್ತಿಕೊಂಡು ಶಾಪವೆಂದು ಹಾಡಿದರು. ಎರಡು ಉದಾಹರಣೆಯಿಂದ ನಿಯಮ ಆಗುವುದಿಲ್ಲ. ಅದರಲ್ಲೂ ಮೊದಲನೆಯ ರಾಜ್ಯದ ಇಸವಿಗಳೇ ಇತಿಹಾಸಕಾರರ ನಡುವೆ ಇತ್ಯರ್ಥವಾಗಿಲ್ಲ.

ವರ್ಷ ಎಣಿಸುವ ಶಕೆಯೇ ಕಾಲಕ್ಕೆ ತಕ್ಕಂತೆ ಬದಲಾದದ್ದು. ಅಕ್ಟೋಬರ್ 7 ನಡೆದದ್ದು ಸೃಷ್ಟಿಯಿಂದ 5784ನೇ ವರ್ಷದಲ್ಲಿ ಎಂದು ಆ ಸಂಖ್ಯೆಯ ಅಕ್ಷರಗಳಲ್ಲಿ ಅರ್ಥ ಹುಡುಕುವವರಿದ್ದಾರೆ. ಆದರೆ ಯೆಹೂದಿಗಳೆಲ್ಲ ಎಂದೂ ಸೃಷ್ಟಿಶಕೆಯನ್ನೇ ಬಳಸಿದವರಲ್ಲ. ಟ್ಯುನೀಷಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯೀಜು 1132ರಲ್ಲಿ ನಮ್ಮ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆಸಿದ ಪತ್ರ ಉಳಿದುಬಂದಿದೆ. ಅಂದಿನ ದಸ್ತಾವೇಜುಗಳ ಪದ್ಧತಿಯಂತೆ ಅದರ ತಾರೀಕು ಗ್ರೀಕ್ ದೊರೆಗಳ ಕಾಲದಿಂದ ಬಂದ ಸೆಲ್ಯೂಸಿಡ್ ಶಕೆಯದು, ಆ ಲೆಕ್ಕಕ್ಕೆ ಅದು 1444. ಮೇಲಾಗಿ ಸೃಷ್ಟಿಶಕೆಗೆ ಆಧಾರವಾದ ಸಾಂಪ್ರದಾಯಿಕ ಕಾಲಗಣನೆ ಪರ್ಷಿಯನ್ ದೊರೆಗಳ ಕಾಲವನ್ನು ಇತಿಹಾಸಕಾರರಿಗಿಂತ ಸುಮಾರು 165 ವರ್ಷ ಕಡಿಮೆ ಎಣಿಸುತ್ತದೆ. ಅಷ್ಟು ಸೇರಿಸಿದರೆ 5784 ಬೇರೆಯೇ ಸಂಖ್ಯೆಯಾಗುತ್ತದೆ, ಅಕ್ಷರಗಳೂ ಬೇರೆ.

ಮುಂದೇನು?

2027 ಹತ್ತಿರವಾದಷ್ಟೂ ಯಾಸೀನ್ ವಿಡಿಯೊ ಹೆಚ್ಚು ಹಂಚಿಕೆಯಾಗುತ್ತದೆ. 2028ರ ಮೇ ತಿಂಗಳಿಗೆ ಇಸ್ರೇಲಿಗೆ ಎಂಬತ್ತು ತುಂಬುತ್ತದೆ, ಆಗ ಶಾಪದ ಮಾತು. ಎರಡೂ ಗಡುವು ದಾಟಿದರೆ 1648ರ ನಂತರ ಆದಂತೆಯೇ ಇಸವಿ ಮುಂದೆ ಸರಿಯುತ್ತದೆ, ಯಾರೂ ಲೆಕ್ಕ ತಪ್ಪಿತೆಂದು ಒಪ್ಪುವುದಿಲ್ಲ. ಅಪಾಯ ಇರುವುದು ಅಲ್ ಅಕ್ಸಾ ದಿಬ್ಬದಲ್ಲಿ. ಅಲ್ಲಿ ಕಡಸಿನ ಬೂದಿಯ ಒಂದು ಸುದ್ದಿ, ನಿಜವೋ ಸುಳ್ಳೋ, ಎರಡೂ ಕಡೆಯ ಉಗ್ರರಿಗೆ ಸಾಕು.

ಇವೆಲ್ಲದರ ಸದ್ದಿನಲ್ಲಿ ಗಮನಕ್ಕೆ ಬಾರದೆ ಬರುವುದು ಇನ್ನೊಂದು ಸಂಖ್ಯೆ: 2028ರ ಸೆಪ್ಟೆಂಬರಿನಲ್ಲಿ 5789ನೇ ವರ್ಷ, ಮುಂದಿನ ಶ್ಮಿತಾ ಶುರು. 2014–15ರ ಶ್ಮಿತಾ ವರ್ಷದಲ್ಲಿ ಕಟ್ಟಾ ಸಂಪ್ರದಾಯಸ್ಥರ ತರಕಾರಿ ಬೇಡಿಕೆ ತೀರಿಸಲು ಇಸ್ರೇಲ್ 2007ರ ನಂತರ ಮೊದಲ ಬಾರಿಗೆ ಗಾಜಾದ ಟೊಮೆಟೊ, ಬದನೆಕಾಯಿಗೆ ತನ್ನ ಮಾರುಕಟ್ಟೆ ತೆರೆದಿತ್ತು. ಗಾಜಾದ ಹೊಲಗಳಲ್ಲಿ ಬಹುಪಾಲು ಈಗ ಯುದ್ಧದಲ್ಲಿ ಹಾಳಾಗಿವೆ. ಈ ಸಲ ಏಳನೆಯ ವರ್ಷದ ತರಕಾರಿ ಎಲ್ಲಿಂದ ಬರಬೇಕು ಎಂಬುದು ಇಸ್ರೇಲಿನ ಕೃಷಿ ಇಲಾಖೆ ಮತ್ತು ರಬ್ಬಿಗಳು ಕೂತು ಬಗೆಹರಿಸಬೇಕಾದ ಲೆಕ್ಕ.